ಸತ್ತ ಮೇಲೂ ಭೂಮಿಗೆ ಭಾರವಾಗದಿರಲು

ನಮ್ಮ ದೊಡ್ಡಪ್ಪ ತೀರಿಕೊಂಡಿದ್ದು ಪುನರ್ವಸು ಮಳೆಯಲ್ಲಿ. ಮೂಡಿಗೆರೆ ಕಡೆ ಆ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಕರೆಂಟು ಹೋಗಿ ಎರಡು ದಿನವಾಗಿತ್ತು. ಕೊಟ್ಟಿಗೆಯಲ್ಲಿದ್ದ ಒಣ ಸೌದೆ ಹಂಡೆ ಒಲೆಗಷ್ಟೇ ಸಾಲುವಂತಿತ್ತು. ಹಿರಿಯರು ಸೇರಿ ಮನೆ ಹಿಂದಿನ ಮಾವಿನ ಮರ ತೋರಿಸಿದರು. ದೊಡ್ಡಮ್ಮ ಪ್ರತಿ ವರ್ಷ ಮಿಡಿ ಇಳಿಸಿ ಉಪ್ಪಿನಕಾಯಿ ಹಾಕುತ್ತಿದ್ದ ಮರ ಅದು. ಮುಕ್ಕಾಲು ಗಂಟೆಯಲ್ಲಿ ಮಲಗಿತು.

ಹಸಿ ಮರ ಹತ್ತುತ್ತದೆಯೇ? ಟಾರ್ಪಾಲಿನ ನಾಲ್ಕು ಮೂಲೆ ನಾಲ್ವರು ಹಿಡಿದು ನಿಂತೆವು. ಮೊದಲು ತುಪ್ಪ, ಆಮೇಲೆ ಸಕ್ಕರೆ, ಆಮೇಲೆ ಪಂಪ್‌ಸೆಟ್ಟಿಗೆ ಇಟ್ಟಿದ್ದ ಹತ್ತು ಲೀಟರ್ ಡೀಸೆಲ್. ಅದೂ ಸಾಲದೆ ಯಾರೋ ಜೀಪಿನ ಎರಡು ಹಳೇ ಟೈರ್ ಉರುಳಿಸಿಕೊಂಡು ಬಂದರು. ಕರಿ ಹೊಗೆ ಮೇಲೇಳದೆ ತೋಟದೊಳಗೇ ಕೂತುಬಿಟ್ಟಿತು. ರಾತ್ರಿ ಹನ್ನೊಂದರ ತನಕ ಕೆದಕುತ್ತಾ, ಕೆಮ್ಮುತ್ತಾ ನಿಂತಿದ್ದ ಚಿಕ್ಕಪ್ಪ ಒಂದೇ ಮಾತು ಹೇಳಿದರು: "ಬೀಡಿ ಹೊಗೆ ಕಂಡರೆ ಎದ್ದು ಹೋಗ್ತಿದ್ದ ಕಣೋ ನಮ್ಮಣ್ಣ."

ಆ ರಾತ್ರಿಯ ನಂತರ ನಾನು ಮಣ್ಣು, ಮರ, ಗಾಳಿಗೆ ಹೊರೆಯಾಗದಂತೆ ಅಂತ್ಯಕ್ರಿಯೆ ಮಾಡುವುದು ಹೇಗೆಂದು ಕೇಳಿ, ಓದಿ, ಮನೆಯಲ್ಲಿ ಮತ್ತೆರಡು ಸಾವು ಕಂಡು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮಣ್ಣು, ಮಳೆ, ತೋಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಸಕಲೇಶಪುರಕ್ಕೆ ಸರಿಹೋಗುವುದು ಅರಸೀಕೆರೆಗೆ ಹೋಗದೆ ಇರಬಹುದು, ಅಲ್ಲಲ್ಲಿ ಹೇಳಿದ್ದೇನೆ.

ಲೆಕ್ಕ ಎಲ್ಲಿ ತಪ್ಪುತ್ತದೆ

ಬಯಲಿನಲ್ಲಿ ಒಟ್ಟುವ ಚಿತೆಗೆ ಸಾಮಾನ್ಯವಾಗಿ 400ರಿಂದ 600 ಕೆ.ಜಿ. ಸೌದೆ ಬೇಕು. ಆಗತಾನೆ ಕಡಿದ ಮರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರು. ಅಂದರೆ 500 ಕೆ.ಜಿ. ಹಸಿ ಸೌದೆಯೊಳಗೆ ಒಂದು ದೊಡ್ಡ ಡ್ರಮ್ಮಿಗೂ ಮಿಗುವಷ್ಟು, 250 ಲೀಟರ್ ನೀರಿರುತ್ತದೆ. ಅಷ್ಟೂ ಆವಿಯಾಗಿ ಹೋಗುವವರೆಗೆ ಬೆಂಕಿಯ ಕಾವೆಲ್ಲ ಅದಕ್ಕೇ ಖರ್ಚು. ದೊಡ್ಡಪ್ಪನ ಚಿತೆಗೆ ನಾವು ಸುರಿದ ಡೀಸೆಲ್ಲು ಮಾವಿನ ಮರದ ನೀರು ಕುದಿಸುವುದರಲ್ಲೇ ಮುಗಿದಿತ್ತು.

ಹೂಳುವವರ ಕಡೆ ತೊಂದರೆ ಬೇರೆ ಥರದ್ದು. ಮಣ್ಣಿಗೆ ಮಣ್ಣು ಸೇರಲಿ ಎಂದು ಹೂತು, ಅದರ ಸುತ್ತ ಇಟ್ಟಿಗೆ ಕಟ್ಟಿ, ಮೇಲೆ ಕಾಂಕ್ರೀಟು ಸುರಿದು, ಗ್ರಾನೈಟ್ ಹೊದಿಸುತ್ತೇವೆ. ಹೂಳುವುದೋ ಸುಡುವುದೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ನಿಮ್ಮ ಮನೆಯ ಪದ್ಧತಿ ಯಾವುದಿದೆಯೋ ಅದರಲ್ಲೇ ಇರಿ. ಹೊರೆಯಾಗುವುದು ನಾವು ಇತ್ತೀಚೆಗೆ ಅದಕ್ಕೆ ಸೇರಿಸಿದ್ದು: ಹಸಿಮರ, ಟೈರು, ಸಿಮೆಂಟು, ಉಪ್ಪಿನ ಮೂಟೆ, ಪಾಲಿಯೆಸ್ಟರ್ ಬಟ್ಟೆ, ಪ್ಲಾಸ್ಟಿಕ್ ಹಾರ. ಇವನ್ನು ಬಿಟ್ಟರೆ ಮುಕ್ಕಾಲು ಕೆಲಸ ಆದಂತೆ.

ಮೊದಲ ಹೆಜ್ಜೆ: ಬಾಯಿಬಿಟ್ಟು ಹೇಳಿ, ಚೀಟಿ ಬರೆದಿಡಿ

ಸಾವಿನ ಮನೆಯಲ್ಲಿ ಯಾರೂ ಹೊಸ ನಿರ್ಧಾರ ಮಾಡುವುದಿಲ್ಲ. ಯಾರ ಧ್ವನಿ ದೊಡ್ಡದೋ ಅವರು ಹೇಳಿದಂತೆ ನಡೆಯುತ್ತದೆ. ಹಾಗಾಗಿ ಇದನ್ನು ಆರೋಗ್ಯವಾಗಿದ್ದಾಗಲೇ ಮಾತಾಡಬೇಕು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಊಟದ ನಂತರ ಎಲೆಅಡಿಕೆ ಹಾಕಿಕೊಂಡು ಕೂತ ಹೊತ್ತು ಒಳ್ಳೆಯದು. "ಬಿಡ್ತು ಅನ್ನು" ಅನ್ನುವವರು ಇದ್ದೇ ಇರುತ್ತಾರೆ. ಅನ್ನಿ, ಅಂದು ಮುಂದುವರಿಸಿ.

ವಿಲ್ಲಿನಲ್ಲಿ ಮಾತ್ರ ಬರೆದು ಸುಮ್ಮನಾಗಬೇಡಿ. ವಿಲ್ಲು ಬೀರುವಿನಿಂದ ಹೊರಬರುವುದು ತಿಥಿ ಮುಗಿದ ಮೇಲೆ. ಬೇರೆ ಒಂದು ಹಾಳೆಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಇಡಿ. ಏಕೆಂದರೆ ಆ ದಿನ ಎಲ್ಲರೂ ಹುಡುಕುವುದು ಅದನ್ನೇ. ಮನೆಯವರಲ್ಲಿ ಇಬ್ಬರಿಗೆ, ನೆರೆಯವರಲ್ಲಿ ಒಬ್ಬರಿಗೆ, ಮತ್ತು ಕ್ರಿಯೆ ಮಾಡಿಸುವವರಿಗೆ (ಪುರೋಹಿತರೋ, ಅಯ್ಯನವರೋ, ಮೌಲ್ವಿಗಳೋ, ಚರ್ಚಿನ ಫಾದರೋ) ಬಾಯಲ್ಲಿ ಹೇಳಿರಬೇಕು. ಈ ಕೊನೆಯವರು ಒಪ್ಪಿದರೆ ನೆಂಟರ ಗೊಣಗಾಟ ಅರ್ಧಕ್ಕೆ ನಿಲ್ಲುತ್ತದೆ. ಇದು ಅನುಭವದ ಮಾತು.

ನಮ್ಮ ದೊಡ್ಡಮ್ಮ ಬರೆಸಿದ ಚೀಟಿಯಲ್ಲಿ ಇದ್ದದ್ದು ಐದೇ ಸಾಲು. "ಕಣ್ಣು ಕೊಡಿ. ಮಣ್ಣು ಮಾಡಿ, ಮರ ಕಡಿಬೇಡಿ. ಆ ನೀಲಿ ಕಾಟನ್ ಸೀರೆ ಉಡಿಸಿ. ಮೇಲೆ ಸಿಮೆಂಟು ಬೇಡ. ಹನ್ನೊಂದನೇ ದಿನ ಪಾಯಸ ಮಾಡಿ, ಅಳ್ತಾ ಕೂರಬೇಡಿ." ಇದಕ್ಕಿಂತ ಚೆನ್ನಾಗಿ ಬರೆಯಲು ನನಗೂ ಬರುವುದಿಲ್ಲ.

ಹೂಳುವವರಿಗೆ

1993ರಲ್ಲಿ ಇಂಗ್ಲೆಂಡಿನ ಕಾರ್ಲೈಲ್ ಎಂಬ ಊರಲ್ಲಿ, ಪೆಟ್ಟಿಗೆಗೆ ವಾರ್ನಿಷ್ ಇಲ್ಲದೆ, ಮೇಲೆ ಕಲ್ಲಿಲ್ಲದೆ, ಮರ ನೆಟ್ಟು ಹೂಳುವ ಸ್ಮಶಾನ ಶುರುವಾಯಿತು. ಅಲ್ಲಿ ಅದು ಹೊಸ ಚಳವಳಿ. ನಮ್ಮಲ್ಲಿ ಲಿಂಗಾಯತರು ಬಿಲ್ವಪತ್ರೆ, ವಿಭೂತಿಯೊಂದಿಗೆ ಕೂರಿಸಿ ಮಾಡುವ ಕ್ರಿಯಾಸಮಾಧಿ, ಮುಸ್ಲಿಮರು ಪೆಟ್ಟಿಗೆಯಿಲ್ಲದೆ ಬಿಳಿ ಹತ್ತಿಯ ಕಫನ್ ಸುತ್ತಿ ಮಾಡುವ ದಫನ್, ತೋಟದ ಮೂಲೆಯಲ್ಲಿ ಅಜ್ಜ ಮುತ್ತಜ್ಜರನ್ನು ಮಣ್ಣು ಮಾಡಿ ಒಂದು ಕಾಡುಕಲ್ಲು ನಿಲ್ಲಿಸುತ್ತಿದ್ದ ರೂಢಿ, ಇವೆಲ್ಲ ಅದೇ. ಹೊಸದಾಗಿ ಕಲಿಯುವುದಕ್ಕಿಂತ ಹಳೆಯದನ್ನು ಕೆಡಿಸದೆ ಇರುವುದು ಮುಖ್ಯ.

ಜಾಗ. ಸಾರ್ವಜನಿಕ ಸ್ಮಶಾನವಾದರೆ ಜಾಗದ ಚಿಂತೆ ಊರಿನದು. ಸ್ವಂತ ಜಮೀನಿನಲ್ಲಾದರೆ ಪಂಚಾಯಿತಿಯಲ್ಲೋ ಪುರಸಭೆಯಲ್ಲೋ ಮೊದಲೇ ಕೇಳಿಕೊಳ್ಳಿ, ಪಟ್ಟಣದ ಒಳಗಂತೂ ಕೇಳದೆ ಮಾಡಬೇಡಿ. ಬೇರೆ ದೇಶಗಳ ನಿಯಮಗಳಲ್ಲಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 50 ಮೀಟರ್, ಹಳ್ಳ–ತೊರೆಯಿಂದ 30 ಮೀಟರ್ ದೂರ ಇರಲಿ ಎನ್ನುತ್ತಾರೆ. ನಮ್ಮ ಮಲೆನಾಡಿನ ಮಳೆಗೆ, ಇಳಿಜಾರಿಗೆ ಅದಕ್ಕಿಂತ ಹೆಚ್ಚೇ ಇರಲಿ. ಬಾವಿಗಿಂತ ಮೇಲಿನ ಜಾಗ ಬೇಡವೇ ಬೇಡ. ಗದ್ದೆ ಬಯಲು, ಕೆರೆ ಅಂಗಳ, ಜೌಗು ಬಿಟ್ಟು ದಿಬ್ಬ ನೋಡಿ. ಬೇಸಿಗೆಯಲ್ಲಿ ಗಟ್ಟಿಯಾಗಿ ಕಾಣುವ ಜಾಗ ಆಶ್ಲೇಷ ಮಳೆಯಲ್ಲಿ ಮೂರಡಿಗೇ ಒಸರಬಹುದು. ಹಾಗಾಗಿ ಜಾಗ ಗುರುತು ಮಾಡುವುದಾದರೆ ಆಗಸ್ಟಿನಲ್ಲಿ ಒಂದು ಗುಣಿ ತೋಡಿ ನೋಡಿ. ಅರಸೀಕೆರೆ, ಕಡೂರು ಕಡೆಯವರಿಗೆ ಈ ತಲೆಬಿಸಿ ಇಲ್ಲ. ಅವರಿಗೆ ಗುದ್ದಲಿ ಇಳಿಯದ ಗಟ್ಟಿ ನೆಲದ್ದೇ ಚಿಂತೆ.

ಇನ್ನೊಂದು ವಿಷಯ, ಯಾರೂ ಹೇಳುವುದಿಲ್ಲ: ಪಾಲಾಗದ ಜಮೀನಿನಲ್ಲಿ ಸಮಾಧಿ ಮಾಡಿದರೆ ಮುಂದೆ ಆ ಮೂಲೆ ಯಾರ ಪಾಲಿಗೆ ಎಂಬ ವ್ಯಾಜ್ಯ ಬರುತ್ತದೆ. ತೋಟ ಮಾರುವಾಗ ಕೊಳ್ಳುವವರು ಚೌಕಾಸಿ ಮಾಡುವುದೂ ಅದೇ ಜಾಗ ತೋರಿಸಿ. ಬೇಲಿಯಂಚಿಗೆ, ಎಲ್ಲರೂ ಒಪ್ಪಿದ ಕಡೆ ಇರಲಿ. ನಕ್ಷೆಯಲ್ಲಿ ಗುರುತು ಹಾಕಿಸಿ.

ಆಳ. ಆರಡಿ ಎಂಬುದು ನಮ್ಮ ಬಾಯಲ್ಲಿ ಕೂತುಬಿಟ್ಟಿದೆ. ಮಲಗಿಸಿ ಹೂಳುವುದಾದರೆ ಮೂರೂವರೆಯಿಂದ ನಾಲ್ಕು ಅಡಿ ಸಾಕು. ಎರೆಹುಳು, ಬ್ಯಾಕ್ಟೀರಿಯಾ, ಶಿಲೀಂಧ್ರ ಇವೆಲ್ಲ ಇರುವುದು ಗಾಳಿಯಾಡುವ ಮೇಲ್ಪದರದಲ್ಲಿ. ತೀರಾ ಕೆಳಗೆ ಹೋದಷ್ಟೂ ಗಾಳಿ ಕಡಿಮೆ, ಕರಗುವುದು ನಿಧಾನ. ದೇಹದ ಮೇಲೆ ಎರಡರಿಂದ ಎರಡೂವರೆ ಅಡಿ ಮಣ್ಣು, ಅದರ ಮೇಲೆ ಒಂದೂವರೆ ಅಡಿ ದಿಣ್ಣೆ ಇದ್ದರೆ ವಾಸನೆ ಹೊರಬರುವುದಿಲ್ಲ. ಕೂರಿಸಿ ಮಾಡುವವರಿಗೆ ಗುಣಿ ಆಳವೇ ಆಗಬೇಕು, ಅದು ಸರಿ. ಆದರೆ ತಳದಲ್ಲಿ ನೀರು ಒಸರುತ್ತಿರಬಾರದು.

ಅಗೆಯುವಾಗ ಮೇಲಿನ ಕಪ್ಪು ಮಣ್ಣು ಒಂದು ಕಡೆ, ಕೆಳಗಿನ ಕೆಂಪು ಮಣ್ಣು ಇನ್ನೊಂದು ಕಡೆ ಹಾಕಿ. ಜೆಸಿಬಿಯಿಂದ ತೋಡಿಸಿದರೆ ಎರಡೂ ಕಲೆಸಿಹೋಗುತ್ತದೆ, ಸುತ್ತಲಿನ ಕಾಫಿ ಗಿಡದ ಬೇರೂ ತುಳಿದುಹೋಗುತ್ತದೆ. ಆಳು ಸಿಕ್ಕರೆ ಗುದ್ದಲಿ, ಹಾರೆಯೇ ಮೇಲು. ತಳಕ್ಕೆ ಒಂದಡಿ ದರಗು (ಉದುರಿದ ಒಣ ಎಲೆ) ಅಥವಾ ಒಣಹುಲ್ಲು ಹಾಸಿ, ಮೇಲೆ ಮಲಗಿಸಿ, ಮತ್ತೆ ದರಗು ಹೊದಿಸಿ, ಆಮೇಲೆ ಆ ಕಪ್ಪು ಮಣ್ಣು, ಕೊನೆಗೆ ಕೆಂಪು ಮಣ್ಣು. ತಿಪ್ಪೆಯಲ್ಲಿ ಸಗಣಿಯ ಜೊತೆ ಸೊಪ್ಪು ದರಗು ಯಾಕೆ ಹಾಕುತ್ತೇವೋ ಇಲ್ಲೂ ಅದಕ್ಕೇ.

ಉಪ್ಪು. ಒಂದು ಮೂಟೆ, ಎರಡು ಮೂಟೆ ಉಪ್ಪು ಸುರಿಯುವ ರೂಢಿ ಹಲವು ಕಡೆ ಇದೆ. ದೊಡ್ಡಮ್ಮನ ಮಿಡಿ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೆ ಇರುತ್ತಿದ್ದದ್ದು ಯಾವುದರಿಂದ? ಕರಗಬೇಕಾದ ಜಾಗಕ್ಕೆ ಕರಗದಂತೆ ತಡೆಯುವುದನ್ನು ಸುರಿಯುತ್ತೇವೆ, ಜೊತೆಗೆ ಆ ಮಣ್ಣಿನಲ್ಲಿ ಮತ್ತೇನೂ ಚಿಗುರದ ಹಾಗೆ ಮಾಡುತ್ತೇವೆ. ಶಾಸ್ತ್ರಕ್ಕೆ ಬೇಕೇ ಬೇಕೆಂದರೆ ಒಂದು ಹಿಡಿ ಹಾಕಿ.

ಬಟ್ಟೆ ಹತ್ತಿಯದ್ದೇ ಇರಲಿ. ಜರಿ, ಪಾಲಿಯೆಸ್ಟರ್ ರೇಷ್ಮೆ ಬೇಡ. ರೇಷ್ಮೆ ಸೀರೆಯನ್ನು ಮೊಮ್ಮಗಳಿಗೆ ಕೊಡಿ. ಪೆಟ್ಟಿಗೆ ಬೇಕಾದ ಕ್ರೈಸ್ತ ಕುಟುಂಬಗಳು ಸಿಲ್ವರ್ (ಸಿಲ್ವರ್ ಓಕ್ ಮರ) ಹಲಗೆಯಲ್ಲಿ, ಬಣ್ಣ ವಾರ್ನಿಷ್ ಇಲ್ಲದೆ, ಒಳಗೆ ಸ್ಪಂಜು ಸ್ಯಾಟಿನ್ ಇಲ್ಲದೆ ಮಾಡಿಸಬಹುದು. ತೋಟಗಳಲ್ಲಿ ಸಿಲ್ವರಿಗೇನು ಬರ, ಯಾವ ಬಡಗಿಯಾದರೂ ಅರ್ಧ ದಿನದಲ್ಲಿ ಹೊಡೆದುಕೊಡುತ್ತಾನೆ.

ಹಂದಿ, ನರಿ, ನಾಯಿ ಕೆದಕುವ ಭಯಕ್ಕೆ ಜನ ಕಾಂಕ್ರೀಟು ಹಾಕಿಸುತ್ತಾರೆ. ಅದಕ್ಕೆ ಹಳಬರ ಉಪಾಯವೇ ಇದೆ: ದಿಣ್ಣೆಯ ಮೇಲೆ ದಪ್ಪ ಕಾಡುಕಲ್ಲು ಒತ್ತಾಗಿ ಜೋಡಿಸಿ, ಮೇಲೆ ಮುಳ್ಳಿನ ಕೊಂಬೆ ಹೊದಿಸಿ. ಮೊದಲ ಎರಡು ತಿಂಗಳು ಕಳೆದರೆ ಆ ಭಯವಿಲ್ಲ. ಆರು ತಿಂಗಳಲ್ಲಿ ಮಣ್ಣು ಕುಸಿದು ತಗ್ಗಾಗುತ್ತದೆ. ಹೆದರಬೇಡಿ, ಆಗಲೇಬೇಕು. ನಾಲ್ಕು ಬುಟ್ಟಿ ಮಣ್ಣು ತಂದು ಏರಿಸಿ.

ಸುಡುವವರಿಗೆ

ಸುಡುವ ಮನೆಗಳಲ್ಲಿ ಇಡೀ ವಿಷಯ ನಿಂತಿರುವುದು ಒಣ ಸೌದೆಯ ಮೇಲೆ. ಅದನ್ನು ಒಂದು ಮನೆ ಮಾಡಿಕೊಳ್ಳುವುದಕ್ಕಿಂತ ಊರು ಮಾಡಿಕೊಂಡರೆ ಲೇಸು. ಸ್ಮಶಾನದ ಪಕ್ಕ ನಾಲ್ಕು ಕಂಬ, ಮೇಲೆ ಶೀಟು, ಕೆಳಗೆ ಕಲ್ಲಿನ ಮೇಲೆ ಅಟ್ಟ. ಗಾಳಿ ನಾಲ್ಕೂ ಕಡೆಯಿಂದ ಆಡಬೇಕು, ಗೋಡೆ ಬೇಡ. ಮರಗಸಿ ಮಾಡಿದಾಗ (ತೋಟದ ನೆರಳಿನ ಮರಗಳ ರೆಂಬೆ ಸವರಿದಾಗ) ಬೀಳುವ ಸಿಲ್ವರ್ ರೆಂಬೆ, ಕಿತ್ತ ಹಳೇ ಕಾಫಿ ಗಿಡದ ಬೊಡ್ಡೆ, ಬಿದ್ದ ಅಡಿಕೆ ಮರ, ಇಷ್ಟನ್ನು ಮನೆಗೊಂದು ಹೊರೆಯಂತೆ ತಂದು ಹಾಕಿದರೆ ಸಾಕು. ಸಿಲ್ವರ್ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿಯ ತಾಪತ್ರಯವೂ ಇಲ್ಲ. ಮುಂಗೈ ದಪ್ಪಕ್ಕೆ ಸೀಳಿ ಪೇರಿಸಿ. ದಿಮ್ಮಿ ಹಾಗೇ ಇಟ್ಟರೆ ಎರಡು ಬೇಸಿಗೆ ಕಳೆದರೂ ಒಳಗೆ ಹಸಿ. ಸೀಳಿದ್ದಾದರೆ ಒಂದು ಬೇಸಿಗೆಗೆ ಒಣಗುತ್ತದೆ. ಎರಡು ತುಂಡು ಒಂದಕ್ಕೊಂದು ಬಡಿದರೆ ಟಣ್ ಎನ್ನಬೇಕು. ದಬ್ ಎಂದರೆ ಇನ್ನೂ ನೀರಿದೆ.

ಮಾವಿನ ಮರವೇ ಆಗಬೇಕು ಎಂದು ಹಿರಿಯರು ಹಟ ಹಿಡಿದರೆ ಒಂದು ರೆಂಬೆ ತಂದು ಚಿತೆಗೆ ಸೇರಿಸಿ. ನಮ್ಮ ಪುರೋಹಿತರನ್ನು ಕೇಳಿದಾಗ ಅವರು, "ರೆಂಬೆ ಸಾಕು, ಬುಡ ಬೇಕು ಅಂತ ನಾನೆಲ್ಲಿ ಹೇಳಿದ್ದೆ?" ಎಂದು ನಮ್ಮನ್ನೇ ಕೇಳಿದರು. ಆ ಪ್ರಶ್ನೆಯನ್ನು ನಾವು ಎರಡು ವರ್ಷ ಮೊದಲೇ ಕೇಳಬೇಕಿತ್ತು.

ಎರಡನೆಯದು, ನೆಲದ ಮೇಲೆ ಚಿತೆ ಒಟ್ಟುವುದನ್ನು ಬಿಡುವುದು. ನೆಲಕ್ಕೆ ಅಂಟಿದ ಚಿತೆಗೆ ಅಡಿಯಿಂದ ಗಾಳಿ ಬರುವುದಿಲ್ಲ, ಕಾವು ನಾಲ್ಕೂ ಕಡೆ ಹರಿದುಹೋಗುತ್ತದೆ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಜನ ಸಿಲಿಕಾನ್ ಚೇಂಬರ್ ಎಂದು ಕರೆಯುವ ಲೋಹದ ತೊಟ್ಟಿ ಇರುವುದು ಇದಕ್ಕೇ. ಎರಡು ಬದಿಯ ತಡೆ ಕಾವನ್ನು ಒಳಗೇ ಹಿಡಿಯುತ್ತದೆ, ಅಡಿಯ ಜಾಲರಿ ಗಾಳಿ ಬಿಡುತ್ತದೆ. ದೆಹಲಿಯ ಮೋಕ್ಷದಾ ಸಂಸ್ಥೆ ಇದೇ ತತ್ವದ ಮೇಲೆ ಎತ್ತರದ ಜಾಲರಿ, ಹೊಗೆಕೊಳವೆ ಇಟ್ಟು ಮಾಡಿದ ಚಿತಾಗಾರದಲ್ಲಿ 150ರಿಂದ 200 ಕೆ.ಜಿ. ಸೌದೆಯಲ್ಲಿ ಕೆಲಸ ಮುಗಿಯುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರಿನ ರುದ್ರಭೂಮಿಗಳಿಗೆ ಇಂಥ ಚೇಂಬರ್ ಕೊಡಲು ನೆರವಾಗುತ್ತಾರೆ. ಪಂಚಾಯಿತಿಯ ಗ್ರಾಮಸಭೆಯಲ್ಲೂ ಕೇಳಬಹುದು. ಚೇಂಬರಿನ ಮೇಲೊಂದು ಎತ್ತರದ ಮಾಡು ಇಲ್ಲದಿದ್ದರೆ ಮಳೆಗಾಲದಲ್ಲಿ ಅದೂ ದಂಡ. ಶೆಡ್ಡಿಲ್ಲದೆ ಚೇಂಬರ್ ತಂದು, ಮೂರು ವರ್ಷ ತುಕ್ಕು ಹಿಡಿಸಿದ ಊರನ್ನೂ ಕಂಡಿದ್ದೇನೆ.

ಒಟ್ಟುವ ಕ್ರಮ: ಅಡಿಗೆ ತೆಂಗಿನ ಚಿಪ್ಪು, ಬೆರಣಿ, ಸಣ್ಣ ಚಕ್ಕೆ. ಮೇಲೆ ಅಡ್ಡ ಉದ್ದ ಸೌದೆ, ನಡುವೆ ಬೆರಳು ತೂರುವಷ್ಟು ಸಂದು. ಎದೆ, ಸೊಂಟದ ಭಾಗಕ್ಕೆ ದಪ್ಪ ತುಂಡು ಹೆಚ್ಚು ಬೀಳಬೇಕು, ಕಾಲಿನ ಕಡೆ ಕಡಿಮೆ ಸಾಕು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಚಿಪ್ಪಿಗೆ, ಮಟ್ಟೆಗೆ ಬರವಿಲ್ಲ. ಚಿಪ್ಪು ಉರಿಯುವ ಕಾವಿಗೆ ಡೀಸೆಲ್ ನೆನಪೇ ಆಗುವುದಿಲ್ಲ. ಕರ್ಪೂರ, ಸ್ವಲ್ಪ ತುಪ್ಪ ಹೊತ್ತಿಸುವುದಕ್ಕೆ ಸಾಕು. ಟೈರು ಬೇಡ. ಅದರ ಹೊಗೆ ಮೊದಲು ಹೋಗುವುದು ಅಲ್ಲಿ ನಿಂತ ಮಕ್ಕಳ ಮೂಗಿಗೆ.

ತಪ್ಪದೆ ನೋಡಬೇಕಾದ್ದು: ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಸುಡುವ ಮೊದಲು ಡಾಕ್ಟರಿಂದ ತೆಗೆಸಬೇಕು. ಅದರ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ. ಮೂತ್ರದ ನಳಿಕೆ, ಡಯಾಪರ್, ಆಸ್ಪತ್ರೆಯ ಪ್ಲಾಸ್ಟಿಕ್ ಬಳೆ ಕೂಡ ಮನೆಯಲ್ಲೇ ತೆಗೆಯಿರಿ.

ವಿದ್ಯುತ್ ಅಥವಾ ಗ್ಯಾಸ್ ಚಿತಾಗಾರ ಇನ್ನೂ ಚೊಕ್ಕಟವಲ್ಲವೇ ಎಂದು ಕೇಳುತ್ತಾರೆ. ದಿನಕ್ಕೆ ಹತ್ತಾರು ದೇಹ ಬರುವ ಬೆಂಗಳೂರಿನಂಥ ಊರಿಗೆ ಹೌದು. ಒಮ್ಮೆ ಕಾದ ಕುಲುಮೆ ಕಾದೇ ಇರುತ್ತದೆ. 2019ರಲ್ಲಿ ಗಿರೀಶ್ ಕಾರ್ನಾಡರ ಅಂತ್ಯಕ್ರಿಯೆ ಅವರ ಇಚ್ಛೆಯಂತೆ ಯಾವ ವಿಧಿಯೂ ಇಲ್ಲದೆ ಬೆಂಗಳೂರಿನ ವಿದ್ಯುತ್ ಚಿತಾಗಾರದಲ್ಲಿ ನಡೆಯಿತು. ಆದರೆ ಅಪರೂಪಕ್ಕೊಂದು ದೇಹಕ್ಕಾಗಿ ತಣ್ಣಗಿನ ಕುಲುಮೆಯನ್ನು 800 ಡಿಗ್ರಿಯವರೆಗೆ ಕಾಯಿಸುವುದು ಲಾಭವಲ್ಲ. ಹಾಸನದಿಂದ 185 ಕಿ.ಮೀ. ಆಂಬುಲೆನ್ಸಿನಲ್ಲಿ, ಹಿಂದೆ ಎಂಟು ಕಾರು ಕಟ್ಟಿಕೊಂಡು ಬೆಂಗಳೂರಿಗೆ ಒಯ್ಯುವುದು ಇನ್ನೂ ನಷ್ಟ. ಹತ್ತಿರದಲ್ಲಿ ನಡೆಯುತ್ತಿರುವ ಚಿತಾಗಾರವಿದ್ದರೆ ಹೊರಡುವ ಮೊದಲು ಫೋನ್ ಮಾಡಿ, ಯಂತ್ರ ಸರಿಯಿದೆಯೇ ಕೇಳಿ.

ಕೊಟ್ಟು ಹೋಗುವವರಿಗೆ

ಕಣ್ಣು ಕೊಡುವುದಕ್ಕೆ ಹೂಳುವುದು ಸುಡುವುದು ಯಾವುದೂ ಅಡ್ಡಿಯಲ್ಲ. ಸಾವಾದ ಆರು ಗಂಟೆಯೊಳಗೆ ನೇತ್ರಬ್ಯಾಂಕಿನವರು ತೆಗೆಯಬೇಕು. ಅವರು ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಯ ಕೆಳಗೆ ದಿಂಬು ಕೊಟ್ಟು ಎತ್ತರಿಸಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟ ಮೇಲೆ ನಮ್ಮ ಹಳ್ಳಿಗಳಲ್ಲೂ ಇದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ನೇತ್ರಬ್ಯಾಂಕಿನ ನಂಬರ್ ಮೊದಲೇ ಮೊಬೈಲಿನಲ್ಲಿ ಇರಬೇಕು, ಅಷ್ಟೇ.

ದೇಹದಾನಕ್ಕೆ ಸ್ವಲ್ಪ ತಯಾರಿ ಬೇಕು. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಹಾಸನದಲ್ಲಿ ಎಸ್‌ಡಿಎಂ ಆಯುರ್ವೇದ ಕಾಲೇಜೂ ಇದೆ. ಕಾಲೇಜಿನ ಅಂಗರಚನಾ ವಿಭಾಗಕ್ಕೆ ಹೋಗಿ ಅರ್ಜಿ ತುಂಬಿ, ಹತ್ತಿರದ ಬಂಧುಗಳ ಸಹಿ ಹಾಕಿಸಿ. ಸಹಿ ಹಾಕಿದ ಬಂಧುವೇ ಆ ದಿನ ಅಳುತ್ತಾ "ಬೇಡ" ಎಂದರೆ ಕಾಲೇಜಿನವರು ಬಲವಂತ ಮಾಡುವುದಿಲ್ಲ. ಹಾಗಾಗಿ ಮಕ್ಕಳನ್ನು ಜೊತೆಗೇ ಕರೆದುಕೊಂಡು ಹೋಗಿ. ಮರಣೋತ್ತರ ಪರೀಕ್ಷೆ ಆದ ದೇಹ, ಎಚ್‌ಐವಿ, ಹೆಪಟೈಟಿಸ್‌ನಂಥ ಸೋಂಕಿದ್ದ ದೇಹ ತೆಗೆದುಕೊಳ್ಳುವುದಿಲ್ಲ. ಚೀಟಿಯಲ್ಲಿ "ತೆಗೆದುಕೊಳ್ಳದಿದ್ದರೆ ಹೀಗೆ ಮಾಡಿ" ಎಂದು ಎರಡನೇ ದಾರಿಯೂ ಇರಲಿ. ಅಲ್ಲಿ ದೇಹ ಕೆಡದಂತೆ ಫಾರ್ಮಲಿನ್ ಬಳಸುತ್ತಾರೆ, ಹಾಗಾಗಿ ಪರಿಸರದ ಲೆಕ್ಕವೊಂದರಿಂದಲೇ ದೇಹದಾನ ಮಾಡಿ ಎಂದು ನಾನು ಹೇಳಲಾರೆ. ಡಾಕ್ಟರಾಗುವ ಮಕ್ಕಳಿಗಾಗಿ ಮಾಡಿ.

ಹೊರದೇಶದ ಹೊಸ ದಾರಿಗಳು

ಮೊಬೈಲಿನಲ್ಲಿ ವಿಡಿಯೋ ನೋಡಿದವರು ಕೇಳುತ್ತಾರೆ, ಅದಕ್ಕೆ ಎರಡು ಮಾತು. ಅಮೆರಿಕದ ವಾಷಿಂಗ್ಟನ್ ರಾಜ್ಯ 2019ರಲ್ಲಿ ದೇಹವನ್ನು ಮಣ್ಣಾಗಿಸುವ ಪದ್ಧತಿಗೆ ಕಾನೂನು ಮಾಡಿತು. ಮರದ ಚಕ್ಕೆ, ಹುಲ್ಲು, ಕುದುರೆ ಮೆಂತೆಸೊಪ್ಪಿನ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಗಾಳಿ ಹಾಯಿಸಿದರೆ ಒಂದೆರಡು ತಿಂಗಳಲ್ಲಿ ಗೊಬ್ಬರ. ಇನ್ನೊಂದು ನೀರಿನದು: ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿದ ಬಿಸಿನೀರಿನಲ್ಲಿ ದೇಹ ಕೆಲವು ಗಂಟೆಗಳಲ್ಲಿ ಕರಗಿ ಮೂಳೆ ಮಾತ್ರ ಉಳಿಯುತ್ತದೆ. ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು 2021ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ ಮಾಡಿದ್ದು ಇದನ್ನೇ. ನಮ್ಮ ಜಿಲ್ಲೆಗಳಲ್ಲಿ ಇವೆರಡಕ್ಕೂ ಕಾಯುತ್ತಾ ಕೂರಬೇಕಿಲ್ಲ. ದರಗು ಹಾಸಿದ ಗುಣಿ ಯಂತ್ರವಿಲ್ಲದೆ ಅದೇ ಕೆಲಸ ಮಾಡುತ್ತದೆ, ನಿಧಾನವಾಗಿ.

ಆ ದಿನ

ಸಹಜ ಸಾವಾದರೆ ಡಾಕ್ಟರಿಂದ ಸಾವಿನ ಕಾರಣದ ಪತ್ರ ತೆಗೆದುಕೊಳ್ಳಿ. ಅಪಘಾತ, ವಿಷ, ಹಾವು ಕಡಿತ, ಆನೆ ತುಳಿತ ಆಗಿದ್ದರೆ ಪೊಲೀಸರಿಗೆ ತಿಳಿಸದೆ ಏನೂ ಮಾಡಬೇಡಿ. ಮಗಳು ದುಬೈನಿಂದ ಬರುವವರೆಗೆ ಕಾಯಬೇಕಿದ್ದರೆ ಬಾಡಿಗೆಯ ಫ್ರೀಜರ್ ಪೆಟ್ಟಿಗೆ ಸಾಕು. ಒಂದೆರಡು ದಿನಕ್ಕೆ ರಾಸಾಯನಿಕ ತುಂಬಿಸುವ ಅಗತ್ಯವಿಲ್ಲ. ಬರುವವರಿಗೆ ಫೋನಿನಲ್ಲೇ ಹೇಳಿಬಿಡಿ: ಹಾರ ತರುವುದಾದರೆ ಸೇವಂತಿಗೆ, ಕನಕಾಂಬರ, ಥರ್ಮೋಕೋಲ್ ಚಕ್ರ ಬೇಡ. ಚಟ್ಟಕ್ಕೆ ಬಿದಿರು, ಕಟ್ಟಲು ತೆಂಗಿನ ನಾರಿನ ಹಗ್ಗ. ಪ್ಲಾಸ್ಟಿಕ್ ಹಗ್ಗ ಬೇಡ. ತಿಥಿ ಊಟಕ್ಕೆ ಬಾಳೆ ಎಲೆ, ಸ್ಟೀಲ್ ಲೋಟ. ಇಷ್ಟು ಹೇಳಿದರೆ ಊರವರು ಉಳಿದದ್ದನ್ನು ತಾವೇ ನೋಡಿಕೊಳ್ಳುತ್ತಾರೆ. ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು. ಸ್ವಂತ ತೋಟದಲ್ಲಿ ಮಣ್ಣು ಮಾಡಿದವರು ಇದನ್ನು ಮರೆಯುವುದು ಹೆಚ್ಚು, ಆಮೇಲೆ ಪೌತಿ ಖಾತೆ ಮಾಡಿಸುವಾಗ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವಾಗ) ಅಲೆದಾಟ.

ಬೂದಿ

ಮೂಳೆಯ ಬೂದಿ ಎರಡು ಮೂರು ಕೆ.ಜಿ. ಇರಬಹುದು. ಅದರ ಜೊತೆ ಸೌದೆಯ ಬೂದಿಯೂ ಸೇರಿರುತ್ತದೆ. ರಾಮನಾಥಪುರಕ್ಕೋ, ಶ್ರೀರಂಗಪಟ್ಟಣಕ್ಕೋ, ಕೂಡಲಿಗೋ ಒಯ್ಯುವವರು ಒಂದು ಮಣ್ಣಿನ ಕುಡಿಕೆಯಲ್ಲಿ ಅಸ್ಥಿ ಒಯ್ಯಿರಿ. ಗೋಣಿಚೀಲ ಪೂರ್ತಿ ಬೂದಿ, ಅವರ ಹಾಸಿಗೆ, ಔಷಧಿ ಡಬ್ಬ, ಫೋಟೋ ಫ್ರೇಮು ಹೊಳೆಗೆ ಎಸೆಯಬೇಡಿ. ರಾಮನಾಥಪುರದಲ್ಲಿ ಮೀನಿಗೆ ಮಂಡಕ್ಕಿ ಹಾಕುವವರೂ ನಾವೇ, ಅಲ್ಲೇ ಪ್ಲಾಸ್ಟಿಕ್ ಕವರ್ ಬಿಟ್ಟು ಬರುವವರೂ ನಾವೇ.

ಉಳಿದ ಬೂದಿ ತೋಟಕ್ಕೆ ಹಾಕಬಹುದು, ಆದರೆ ಒಂದೇ ಗಿಡದ ಬುಡಕ್ಕೆ ಸುರಿದರೆ ಗಿಡ ಸಾಯುತ್ತದೆ. ಬೂದಿ ತೀರಾ ಕ್ಷಾರ, ಮೂಳೆ ಬೂದಿಯಲ್ಲಿ ಉಪ್ಪಿನಂಶವೂ ಹೆಚ್ಚು. ಒಂದು ಪಾಲು ಬೂದಿಗೆ ಹತ್ತು ಪಾಲಾದರೂ ಮಣ್ಣು, ಕೊಟ್ಟಿಗೆ ಗೊಬ್ಬರ ಕಲೆಸಿ, ಒಂದು ಮಳೆ ತೋಯಲು ಬಿಟ್ಟು, ತೆಳ್ಳಗೆ ಚೆಲ್ಲಿ. ಕಾಫಿ ತೋಟದ ಹುಳಿ ಮಣ್ಣಿಗೆ ಹೇಗೂ ಸುಣ್ಣ ಹಾಕುತ್ತೇವೆ, ಅದಕ್ಕೆ ಇದು ಹೊಂದುತ್ತದೆ. ಅರಸೀಕೆರೆ ಕಡೆಯ ಸವಳು ನೆಲಕ್ಕೆ ಇದು ಬೇಡ.

ಗುರುತಿಗೊಂದು ಮರ

ಸಮಾಧಿಯ ನೆತ್ತಿಯ ಮೇಲೆ ನೆಡಬೇಡಿ, ಮಣ್ಣು ಕುಸಿದಾಗ ಸಸಿ ವಾಲುತ್ತದೆ. ನಾಲ್ಕೈದು ಅಡಿ ಪಕ್ಕಕ್ಕೆ, ಮಳೆಗಾಲದ ಶುರುವಿನಲ್ಲಿ ನೆಡಿ. ಬೇರು ತಾನಾಗಿ ಆ ಕಡೆ ಹೋಗುತ್ತದೆ. ಮಲೆನಾಡಿನಲ್ಲಿ ಸಂಪಿಗೆ, ಹಲಸು, ನೇರಳೆ, ಬಯಲು ಸೀಮೆಯಲ್ಲಿ ಹೊಂಗೆ, ಬೇವು. ನೀರುಣಿಸುವವರು ಯಾರು ಎಂದು ಹೆಸರು ಹೇಳಿ ಒಪ್ಪಿಸಿ, "ಎಲ್ಲರೂ ನೋಡಿಕೊಳ್ಳುತ್ತೇವೆ" ಎಂದರೆ ಯಾರೂ ನೋಡುವುದಿಲ್ಲ.

ದೊಡ್ಡಮ್ಮನ ಪಕ್ಕದಲ್ಲಿ ನಾವು ನೆಟ್ಟಿದ್ದು ಮಾವನ್ನೇ, ಕಡಿದ ಆ ಮರದ ಓಟೆಯಿಂದ ತಿಪ್ಪೆಯ ಬದಿಯಲ್ಲಿ ತಾನಾಗಿ ಎದ್ದಿದ್ದ ಸಸಿ. ಈಗ ನನ್ನ ಎದೆಮಟ್ಟಕ್ಕಿದೆ. ಹೋದ ತಿಂಗಳು ಪಕ್ಕದ ಮನೆ ದನ ನುಗ್ಗಿ ಕುಡಿ ಮೇಯ್ದುಕೊಂಡು ಹೋಯಿತು. ಬಿದಿರಿನ ತಟ್ಟಿ ಕಟ್ಟಿದರೆ ಸಾಲದು, ಮುಳ್ಳು ಬೇಲಿಯೇ ಹಾಕಬೇಕು.